ಆಶ್ಲಿ ಡೌನ್ ಗುಡ್ಡದ ಲೆಕ್ಕಪುಸ್ತಕ

ಇಂಗ್ಲೆಂಡಿನ ಬ್ರಿಸ್ಟಲ್ ಊರು ನಮ್ಮವರ ಕಿವಿಗೆ ಬಿದ್ದದ್ದು ಬಹುಮಟ್ಟಿಗೆ ಕ್ರಿಕೆಟ್ಟಿನಿಂದ. 1999ರ ವಿಶ್ವಕಪ್ಪಿನಲ್ಲಿ, ತಂದೆಯ ಅಂತ್ಯಕ್ರಿಯೆ ಮುಗಿಸಿ ಮರಳಿದ ಸಚಿನ್ ತೆಂಡೂಲ್ಕರ್ ಕೀನ್ಯಾ ವಿರುದ್ಧ ಔಟಾಗದೆ 140 ಹೊಡೆದದ್ದು ಇಲ್ಲಿನ ಕೌಂಟಿ ಮೈದಾನದಲ್ಲಿ. ಇನ್ನೊಂದು ತುದಿಯಲ್ಲಿ ನಮ್ಮ ದ್ರಾವಿಡ್ ಔಟಾಗದೆ 104. ಮೈದಾನದ ಅಂಚಿಗೇ ನಿಂತಿರುವ ಬೂದುಗಲ್ಲಿನ ಎತ್ತರದ ಕಟ್ಟಡಗಳ ಕಡೆಗೆ ಆ ದಿನ ಯಾರ ಗಮನವೂ ಹೋಗಿರಲಾರದು. ಟೆಂಪಲ್ ಮೀಡ್ಸ್ ನಿಲ್ದಾಣದಿಂದ ಲೋಕಲ್ ರೈಲು ಹಿಡಿದರೆ ಆಶ್ಲಿ ಡೌನ್ ಕೆಲವೇ ನಿಮಿಷಗಳ ದಾರಿ. 1964ರಲ್ಲಿ ಮುಚ್ಚಿದ್ದ ಅಲ್ಲಿನ ನಿಲ್ದಾಣ 2024ರಲ್ಲಿ ಮತ್ತೆ ತೆರೆದಿದೆ. ಇಳಿದು ಗುಡ್ಡ ಹತ್ತಿದರೆ ಸಾಲು ಸಾಲು ಒಂದೇ ಅಳತೆಯ ಕಿಟಕಿಗಳು. ಗೋಪುರವಿಲ್ಲ, ಕೆತ್ತನೆಯಿಲ್ಲ, ಕಮಾನಿನ ಬೆಡಗಿಲ್ಲ. ಬಾಗಿಲ ಬಳಿಯ ಫಲಕ ಓದದೆ ಹೋದವರು ಹಳೆಯ ಗಿರಣಿಯೋ ಸೈನಿಕರ ವಸತಿಯೋ ಎಂದುಕೊಂಡಾರು. ಈಗ ಕೆಲವು ಕಟ್ಟಡಗಳು ಫ್ಲಾಟುಗಳಾಗಿವೆ, ಕೆಲವುಗಳಲ್ಲಿ ಕಾಲೇಜು ನಡೆದಿದೆ. ಒಂದು ಕಾಲಕ್ಕೆ ಈ ಐದು ಮನೆಗಳಲ್ಲಿ 2,050 ಅನಾಥ ಮಕ್ಕಳಿಗೆ ಜಾಗವಿತ್ತು. ಅಷ್ಟು ಮಕ್ಕಳಿಗೆ ದಿನಕ್ಕೆ ಮೂರು ಹೊತ್ತು ಊಟ ಹಾಕುತ್ತಿದ್ದ ಮನುಷ್ಯ ಯಾರೊಬ್ಬರ ಮುಂದೆಯೂ ಕೈಯೊಡ್ಡಲಿಲ್ಲ, ಸಾಲ ಎತ್ತಲಿಲ್ಲ, ಹಾಗೆಂದು ಚಿಂತೆಯನ್ನೂ ಮಾಡಲಿಲ್ಲ ಎನ್ನುವುದು ಈ ಗುಡ್ಡದ ಖ್ಯಾತಿ. ಮೊದಲ ಎರಡು ಮಾತುಗಳಿಗೆ ದಾಖಲೆಯಿದೆ. ಮೂರನೆಯದಕ್ಕಾಗಿಯೇ ಈ ಗುಡ್ಡ ಹತ್ತಬೇಕು.

ಜಾರ್ಜ್ ಮುಲ್ಲರ್ ಹುಟ್ಟಿದ್ದು 1805ರಲ್ಲಿ, ಪ್ರಶ್ಯದಲ್ಲಿ. ಹರೆಯದಲ್ಲಿ ಮನೆಯ ದುಡ್ಡು ಕದ್ದವರು, ಹೋಟೆಲುಗಳಲ್ಲಿ ಉಂಡು ತಂಗಿ ಬಿಲ್ಲು ಕಟ್ಟದೆ ಜಾರಿಕೊಳ್ಳಲು ಹೋಗಿ ಹದಿನಾರರ ವಯಸ್ಸಿಗೇ ಜೈಲು ಕಂಡವರು. ಇಂಥವರು ಮುಂದೆ ಇಂಗ್ಲೆಂಡಿನ ಅತ್ಯಂತ ಕಟ್ಟುನಿಟ್ಟಿನ ಲೆಕ್ಕಿಗರಾದದ್ದು ತಮಾಷೆಯಲ್ಲ. ದುಡ್ಡು ಮನುಷ್ಯನನ್ನು ಹೇಗೆ ಆಡಿಸುತ್ತದೆಂದು ಅವರಿಗೆ ಒಳಗಿನಿಂದ ಗೊತ್ತಿತ್ತು. ಹಾಲೆ ಪಟ್ಟಣದಲ್ಲಿ ಓದುವಾಗ ಅವರ ಮನಸ್ಸು ತಿರುಗಿತು. ಅಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ 1698ರಲ್ಲಿ ಕಟ್ಟಿದ ದೊಡ್ಡ ಅನಾಥಾಲಯವಿತ್ತು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಮಿಷನರಿ ಸೀಗನ್‌ಬಾಲ್ಗ್ ಕೂಡ ಹಾಲೆಯ ಕಡೆಯಿಂದಲೇ ಬಂದವರು. ಮುಂದೆ ಇಂಗ್ಲೆಂಡಿನಲ್ಲಿ ಸಭಾಪಾಲಕರಾದ ಮುಲ್ಲರ್ 1830ರಲ್ಲಿ ತಮ್ಮ ನಿಗದಿತ ಸಂಬಳವನ್ನು ಬೇಡವೆಂದರು. ಚರ್ಚಿನ ಆಸನಗಳಿಗೆ ಬಾಡಿಗೆ ವಸೂಲು ಮಾಡಿ ಪಾದ್ರಿಗೆ ಸಂಬಳ ಕೊಡುವ ಪದ್ಧತಿ ಅಂದು ಇತ್ತು. ಅದರಿಂದ ಉಳ್ಳವರಿಗೆ ಮುಂದಿನ ಜಾಗ, ಇಲ್ಲದವರಿಗೆ ಹಿಂದಿನ ಮೂಲೆ. ಅದನ್ನು ತೆಗೆದು ಬಾಗಿಲಲ್ಲಿ ಒಂದು ಕಾಣಿಕೆ ಡಬ್ಬಿ ಇಟ್ಟರು. 1832ರಲ್ಲಿ ಬ್ರಿಸ್ಟಲ್ಲಿಗೆ ಬಂದರು. 1836ರಲ್ಲಿ ಸೇಂಟ್ ಪಾಲ್ಸ್ ಬಡಾವಣೆಯ ವಿಲ್ಸನ್ ಸ್ಟ್ರೀಟಿನ ಬಾಡಿಗೆ ಮನೆಯೊಂದರಲ್ಲಿ ಹೆಣ್ಣುಮಕ್ಕಳಿಗಾಗಿ ಮೊದಲ ಅನಾಥಾಲಯ ಆರಂಭವಾಯಿತು. ಹಣ, ಪಾತ್ರೆ, ಹಾಸಿಗೆ ಎಲ್ಲಕ್ಕೂ ಪ್ರಾರ್ಥಿಸಿದ್ದ ಮುಲ್ಲರ್ ಮಕ್ಕಳು ಬರಲೆಂದು ಮಾತ್ರ ಪ್ರಾರ್ಥಿಸಿರಲಿಲ್ಲವಂತೆ. ಅರ್ಜಿ ಪಡೆಯಲು ಕೂತ ದಿನ ಒಬ್ಬರೂ ಬರಲಿಲ್ಲ. ಮಕ್ಕಳು ತಾವಾಗಿಯೇ ಬರುತ್ತಾರೆಂದು ಧೈರ್ಯವಾಗಿದ್ದ ಕಡೆಯೇ ಕೈಕೊಟ್ಟಿತು.

ಮುಲ್ಲರ್ ಹೆಸರೆತ್ತಿದರೆ ಪ್ರಸಂಗಪೀಠಗಳಲ್ಲಿ ಬರುವುದು ಒಂದೇ ಕಥೆ. ಬೆಳಗಿನ ತಿಂಡಿಗೆ ಏನೂ ಇಲ್ಲ, ಮಕ್ಕಳು ಬರಿದಾದ ತಟ್ಟೆಗಳ ಮುಂದೆ ನಿಂತಿದ್ದಾರೆ, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬೇಕರಿಯವನು ರೊಟ್ಟಿ ಹೊತ್ತು ಬಾಗಿಲು ತಟ್ಟುತ್ತಾನೆ, ಹಿಂದೆಯೇ ಹಾಲಿನ ಗಾಡಿ ಬಾಗಿಲಲ್ಲೇ ಕೆಟ್ಟು ನಿಂತು ಹಾಲೂ ಮಕ್ಕಳ ಪಾಲಾಗುತ್ತದೆ. ಒಳ್ಳೆಯ ಕಥೆಯೇ. ಆದರೆ ಈ ಕಥೆ ಹೇಳುವವರು ಕಣ್ಣಿಡುವುದೆಲ್ಲ ಬಂದ ರೊಟ್ಟಿಯ ಮೇಲೆ. ನನ್ನ ವಾದ ಬೇರೆ. ದೇವರ ಮೇಲೆ ಭಾರ ಹಾಕಿದವನ ನಂಬಿಕೆಗೆ ಸಾಕ್ಷಿ ಅವನಿಗೆ ಏನು ಬಂತು ಎನ್ನುವುದರಲ್ಲಿಲ್ಲ, ಕೈ ಖಾಲಿಯಾದಾಗ ಅವನು ಏನನ್ನು ಮಾಡಲು ಒಪ್ಪಲಿಲ್ಲ ಎನ್ನುವುದರಲ್ಲಿದೆ. ಬಂದದ್ದು ಕಾಕತಾಳೀಯವಿರಬಹುದು, ನೆರೆಯವರ ಒಳ್ಳೆಯತನವಿರಬಹುದು, ದೇವರೇ ಇರಬಹುದು. ಹೊರಗೆ ನಿಂತವರಿಗೆ ಅದನ್ನು ವಿಂಗಡಿಸುವ ದಾರಿಯಿಲ್ಲ. ಆದರೆ ಸಾಲ ಸಿಗುವಾಗ ಸಾಲ ಬೇಡವೆಂದದ್ದು, ಕೊಡುವ ಶ್ರೀಮಂತನ ಮುಂದೆ ಕೂತು ಕಷ್ಟ ಹೇಳಿಕೊಳ್ಳದೆ ಎದ್ದದ್ದು, ಇವು ಮನುಷ್ಯನ ಕೈಯಲ್ಲಿರುವ ಸಂಗತಿಗಳು. ಇವುಗಳನ್ನು ತೂಗಿ ನೋಡಬಹುದು.

ತೂಗಲು ಸಾಮಗ್ರಿಯನ್ನು ಮುಲ್ಲರ್ ಧಾರಾಳವಾಗಿ ಬಿಟ್ಟುಹೋಗಿದ್ದಾರೆ. ಬಂದ ಕಾಸುಕಾಸಿಗೂ ನಂಬರು ಹಾಕಿದ ರಸೀದಿ. ವರ್ಷದ ವರದಿಯಲ್ಲಿ ದಾನಿಯ ಹೆಸರಿರುತ್ತಿರಲಿಲ್ಲ, ಆದರೆ ದಾನಿ ತನ್ನ ರಸೀದಿಯ ನಂಬರು ಹಿಡಿದು ತನ್ನ ಹಣ ಲೆಕ್ಕಕ್ಕೆ ಸೇರಿದೆಯೇ ಎಂದು ನೋಡಿಕೊಳ್ಳಬಹುದಿತ್ತು. ಪೆನ್ನಿಗಳು, ಬೆಳ್ಳಿ ಚಮಚಗಳು, ಉಂಗುರ, ಹಳೆಯ ಗಡಿಯಾರ ಎಲ್ಲವೂ ಆ ಪಟ್ಟಿಯಲ್ಲಿವೆ. ಹೆಸರು ಮೆರೆಸುವ ಆಸೆ ತೋರಿಸಿ ದಾನ ಎಳೆಯುವ ದಾರಿಯನ್ನು ಹೀಗೆ ಮೊದಲಿಗೇ ಮುಚ್ಚಿದ್ದರು. ಬೇಕರಿಯವರಿಗೆ ವಾರಕ್ಕೊಮ್ಮೆ ದುಡ್ಡು ಕೊಡುವ ರೂಢಿಯಿತ್ತು. ಕೈ ಬಿಗಿಯಾದಾಗ ಯಾರಾದರೂ ಆ ಸೌಕರ್ಯವನ್ನು ಗಟ್ಟಿ ಹಿಡಿದಾರು. ಮುಲ್ಲರ್ ಉಲ್ಟಾ ಮಾಡಿದರು: ವಾರದ ಕೊನೆಗೆ ಕೊಡಲು ಇರುತ್ತದೋ ಇಲ್ಲವೋ ಎಂಬ ಅನುಮಾನ ಬಂದದ್ದೇ, ಇನ್ನು ಮುಂದೆ ಅಂದಂದಿನ ರೊಟ್ಟಿಗೆ ಅಂದಂದೇ ನಗದು, ನಗದಿಲ್ಲದಿದ್ದರೆ ಖರೀದಿಯೇ ಇಲ್ಲ ಎಂದು ನಿಯಮ ಮಾಡಿದರು. ಉದ್ರಿ ಬರೆಸುವುದು ನಾಳೆಯ ಮೇಲೆ ಇಂದು ಕೈಹಾಕಿದಂತೆ ಎಂಬುದು ಅವರ ಲೆಕ್ಕಾಚಾರ. ನಾಳೆ ದೇವರದ್ದು ಎನ್ನುವವನು ನಾಳೆಯನ್ನು ಅಂಗಡಿಯವನಿಗೆ ಒತ್ತೆ ಇಡಲಾರ.

ಚಿಂತೆ ಬೇಡವೆಂದರೆ ಮುಂದಾಲೋಚನೆ ಬೇಡವೆಂದಲ್ಲ ಎನ್ನುವುದಕ್ಕೆ 1857ರ ನವೆಂಬರಿನ ಬಾಯ್ಲರ್ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ. ಗುಡ್ಡದ ಮೇಲಿನ ಮೊದಲ ಮನೆಯಲ್ಲಿ ಮುನ್ನೂರು ಮಕ್ಕಳು. ಅವರನ್ನು ಬೆಚ್ಚಗಿಡುವ ಬಾಯ್ಲರ್ ಸುತ್ತಲೂ ಇಟ್ಟಿಗೆಯ ಗೋಡೆಯೊಳಗೆ ಹುದುಗಿತ್ತು. ಅದು ಸೋರತೊಡಗಿತು. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಇಟ್ಟಿಗೆ ಕಿತ್ತೇ ನೋಡಬೇಕು. ಕೀಳಲು ಒಲೆ ಆರಿಸಬೇಕು. ಆರಿಸಿದರೆ ರಿಪೇರಿಗೆ ಎಷ್ಟು ದಿನವೋ, ಅಷ್ಟು ದಿನ ಮಕ್ಕಳು ಚಳಿಯಲ್ಲಿ. ಬೇರೆ ಒಲೆಗಳನ್ನು ತಾತ್ಕಾಲಿಕವಾಗಿ ಇಡಬಹುದೇ ಎಂದು ಮುಲ್ಲರ್ ವಿಚಾರಿಸಿದರು, ಸರಿಹೋಗಲಿಲ್ಲ. ಕೊನೆಗೆ ಕೆಲಸಗಾರರಿಗೆ ಹೇಳಿಕಳಿಸಿ, ಒಲೆ ಆರಿಸುವ ದಿನ ಗೊತ್ತು ಮಾಡಿದರು. ದಿನ ಗೊತ್ತಾದ ಮೇಲೆ ಉತ್ತರದ ಕೊರೆಯುವ ಗಾಳಿ ಬೀಸತೊಡಗಿತು. ಆಗ ಅವರು ಎರಡನ್ನು ಬೇಡಿದರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸಗಾರರಿಗೆ ಕೆಲಸದ ಮೇಲೆ ಮನಸ್ಸು ಬರಲಿ. ಗೊತ್ತುಮಾಡಿದ ದಿನ ದಕ್ಷಿಣದ ಗಾಳಿ ಬೀಸಿತು, ಬಿಸಿಯ ಅಗತ್ಯವೇ ಬೀಳಲಿಲ್ಲ. ಸಂಜೆ ಮೇಸ್ತ್ರಿ ನಾಳೆ ಬೇಗ ಬರುತ್ತೇವೆ ಎಂದರೆ, ಆಳುಗಳು ರಾತ್ರಿಯಿಡೀ ಕೆಲಸ ಮಾಡುತ್ತೇವೆಂದರು. ಮರುದಿನಕ್ಕೆ ಸೋರು ಸಿಕ್ಕಿ ದುರಸ್ತಿಯಾಯಿತು. ಗಾಳಿಯ ವಿಷಯ ಭಕ್ತರೂ ಹವಾಮಾನದವರೂ ಬೇಕಾದಂತೆ ಹೇಳಿಕೊಳ್ಳಲಿ. ನನ್ನ ಕಣ್ಣು ಹೋಗುವುದು ಕ್ರಮದ ಮೇಲೆ. ವಿಚಾರಣೆ, ಪರ್ಯಾಯಗಳ ಪರಿಶೀಲನೆ, ಆಳುಗಳ ಏರ್ಪಾಡು, ದಿನದ ನಿಗದಿ, ಇದೆಲ್ಲ ಮುಗಿದ ಮೇಲೆ ತಮ್ಮ ಕೈಮೀರಿದ ಎರಡೇ ಎರಡು ಸಂಗತಿಗಳು ಉಳಿದವು. ಅವುಗಳನ್ನು ಮಾತ್ರ ಮೇಲಕ್ಕೆ ಒಪ್ಪಿಸಿದ್ದು. ಗಾಳಿ ತಿರುಗಿದ ಮೇಲೆ ದಿನ ನೋಡೋಣ ಎಂದು ಅವರು ಕಾಯಲಿಲ್ಲ.

ಚಿಂತೆಯ ಲಕ್ಷಣವೇ ಬೇರೆ. ಅದು ಒಂದೇ ಲೆಕ್ಕವನ್ನು ಹೊಸ ಅಂಕಿಯಿಲ್ಲದೆ ರಾತ್ರಿಯೆಲ್ಲ ಮತ್ತೆ ಮತ್ತೆ ಕೂಡುವ ಕೆಲಸ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ ಆಡಿದ ಮಾತನ್ನು ಬಹಳ ಮಂದಿ ಬಿಡಿಯಾಗಿ ಓದುತ್ತಾರೆ. ಆ ಮಾತಿಗೆ ಬೆನ್ನು ಹಚ್ಚಿಯೇ, ಅದಕ್ಕೆ ಸ್ವಲ್ಪ ಮುಂಚೆ, ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂಬ ಮಾತಿದೆ, ಭೂಮಿಯ ಮೇಲೆ ಗಂಟು ಕೂಡಿಡಬೇಡಿ ಎಂಬ ಎಚ್ಚರಿಕೆಯಿದೆ. ಅಂದರೆ ಅಲ್ಲಿ ಚಿಂತೆ ಮನಸ್ಸಿನ ಬರಿಯ ಕಳವಳವಲ್ಲ. ಯಜಮಾನ ಯಾರು ಎಂಬ ಪ್ರಶ್ನೆಯ ಇನ್ನೊಂದು ಮುಖ. ಕನಕದಾಸರೂ ಕೀರ್ತನೆಯೊಂದರಲ್ಲಿ ಬೆಟ್ಟದ ಮೇಲಿನ ಮರವನ್ನೂ ಕಲ್ಲಿನೊಳಗಿನ ಕಪ್ಪೆಯನ್ನೂ ತೋರಿಸಿ ಮನಸ್ಸಿಗೆ ಹೀಗೇ ಸಮಾಧಾನ ಹೇಳುತ್ತಾರೆ, ಆದ್ದರಿಂದ ಈ ತರ್ಕ ನಮಗೆ ಹೊಸದಲ್ಲ. ಗಲಿಲಾಯದ ಬೆಟ್ಟದಲ್ಲಿ ಯೇಸುವಿನ ಈ ಪ್ರಸಂಗವನ್ನು ಕೇಳಿದವರು ಹೊಟ್ಟೆ ತುಂಬಿದವರೂ ಅಲ್ಲ, ಬೆಸ್ತರು, ದಿನಗೂಲಿಯವರು. ಬಡವನಿಗೆ ಚಿಂತಿಸಬೇಡವೆನ್ನುವುದು ಉಳ್ಳವರ ಉಪದೇಶ ಎಂದು ಆಕ್ಷೇಪಿಸುವವರು ಇದನ್ನು ನೆನೆಯಬೇಕು. ಆ ಪ್ರಸಂಗ ಕೇಡೇ ಬಾರದೆಂಬ ಭರವಸೆಯನ್ನೂ ಕೊಡುವುದಿಲ್ಲ. ಆಯಾ ದಿನಕ್ಕೆ ಅದರದರ ಪಾಡು ಇದ್ದೇ ಇದೆ ಎಂದು ಒಪ್ಪಿಕೊಂಡೇ ಮುಗಿಯುತ್ತದೆ. ಮುಲ್ಲರ್ ಬಾಳೂ ಹಾಗೆಯೇ. ಅನಾಥಾಲಯದ ಸಂಕಲ್ಪ ಮಾಡಿದ 1835ರಲ್ಲೇ ಅವರ ಎಳೆಯ ಮಗ ಎಲೈಜಾ ತೀರಿಕೊಂಡ. ನಂಬಿದರೆ ಮನೆಗೆ ಸಾವು ಬಾರದು ಎಂದು ಬೋಧಿಸುವವರಿಗೆ ಮುಲ್ಲರ್ ಒಳ್ಳೆಯ ಉದಾಹರಣೆಯಲ್ಲ.

ಇನ್ನು ಮುಲ್ಲರ್ ಮೇಲಿನ ಹಳೆಯ ಆರೋಪಕ್ಕೆ ಬರೋಣ. ಬೇಡಲಿಲ್ಲ ಎನ್ನುತ್ತೀರಿ, ವರ್ಷವರ್ಷ ಅಚ್ಚು ಹಾಕಿಸಿ ಹಂಚಿದ ವರದಿ ಬೇಡಿಕೆಯಲ್ಲದೆ ಮತ್ತೇನು? ಆರೋಪದಲ್ಲಿ ಹುರುಳಿದೆ. ‘ನಾವು ಯಾರನ್ನೂ ಕೇಳುವುದಿಲ್ಲ’ ಎಂದು ಎಲ್ಲರಿಗೂ ತಿಳಿಯುವಂತೆ ಮಾಡುವುದಕ್ಕಿಂತ ಪರಿಣಾಮಕಾರಿ ಜಾಹೀರಾತು ಇಲ್ಲ. ಆ ವರದಿಗಳನ್ನು ಓದಿ ಜನ ಕೊಟ್ಟರು, ಇದನ್ನು ಅಲ್ಲಗಳೆಯಲಾಗದು. ಆದರೆ 1841ರ ಕೊನೆಯಲ್ಲಿ ನಡೆದದ್ದನ್ನೂ ಗಮನಿಸಬೇಕು. ವರದಿ ಹೊರಬರುವ ಹೊತ್ತು, ಅದರ ಸಾರ್ವಜನಿಕ ಸಭೆ ಸೇರುವ ಹೊತ್ತು, ಮತ್ತು ಕೈ ಪೂರಾ ಖಾಲಿ. ಜಾಹೀರಾತೇ ಗುರಿಯಾಗಿದ್ದರೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಮುಲ್ಲರ್ ವರದಿಯನ್ನೂ ಸಭೆಯನ್ನೂ ತಿಂಗಳುಗಟ್ಟಲೆ ಮುಂದಕ್ಕೆ ಹಾಕಿದರು, ಈಗ ಹೇಳಿದರೆ ಬೇಡಿದಂತೆ ಆಗುತ್ತದೆ ಎಂಬ ಕಾರಣಕ್ಕೆ. ಆಮೇಲಿನ ನಾಲ್ಕು ತಿಂಗಳು ವಿಲ್ಸನ್ ಸ್ಟ್ರೀಟಿನ ಮನೆಗಳಿಗೆ ಅತ್ಯಂತ ಕಷ್ಟದ ಕಾಲಗಳಲ್ಲಿ ಒಂದು. ವರದಿ ಜಾಹೀರಾತಾಗಬಲ್ಲದೆಂಬ ಅರಿವು ಆರೋಪ ಮಾಡಿದವರಿಗಿಂತ ಮುಂಚೆ ಅವರಿಗೇ ಇತ್ತು, ಅದಕ್ಕೆ ಅವರು ದಂಡವನ್ನೂ ತೆತ್ತರು.

ದಂಡ ತೆತ್ತವರು ಅವರೊಬ್ಬರೇ ಅಲ್ಲ ಎನ್ನುವುದು ನನಗೆ ಹೆಚ್ಚು ತೊಡಕಿನ ಆಕ್ಷೇಪ. 1838ರ ಸುಮಾರಿಗೆ ಕಾಸಿಲ್ಲದ ದಿನಗಳಲ್ಲಿ ಮನೆಗಳ ಮೇಲ್ವಿಚಾರಕಿಯರು, ಶಿಕ್ಷಕರು ತಮ್ಮ ಕೈಯಿಂದ ದುಡ್ಡು ಹಾಕಿದರು, ತಮ್ಮ ಸಾಮಾನು ಮಾರಿ ತಂದರು. ಹೊರಗಿನವರಿಗೆ ಹೇಳಕೂಡದು, ಒಳಗಿನವರಿಗೆ ಗೊತ್ತಿರಬಹುದು ಎಂಬ ನಿಯಮದಿಂದ ಬಿಗಿಯೆಲ್ಲ ಒಳಗಿನವರ ಕೊರಳಿಗೆ ಬಿತ್ತು. ಯಜಮಾನ ನಿಶ್ಚಿಂತ, ಅಡುಗೆಮನೆಯವಳಿಗೆ ಚಿಂತೆ ಎಂದಾದರೆ ಅದು ನಂಬಿಕೆಯಲ್ಲ, ಚಿಂತೆಯ ವರ್ಗಾವಣೆ. ಇದಕ್ಕೆ ಪೂರ್ತಿ ಸಮಾಧಾನದ ಉತ್ತರ ನನ್ನಲ್ಲಿಲ್ಲ. ಸ್ವಲ್ಪ ಮಟ್ಟಿಗಿನ ಉತ್ತರವೆಂದರೆ, ಮುಲ್ಲರ್ ತಮಗೆಂದು ಏನನ್ನೂ ಹಿಂದಿಟ್ಟುಕೊಳ್ಳಲಿಲ್ಲ. ಬದುಕಿದ್ದಾಗ ಅವರ ಕೈಯ ಮೂಲಕ ಹರಿದದ್ದು ಸುಮಾರು 15 ಲಕ್ಷ ಪೌಂಡು. ತಮ್ಮ ಖಾಸಗಿ ಖರ್ಚಿಗೆಂದು ಬಂದದ್ದರಲ್ಲೇ 80 ಸಾವಿರ ಪೌಂಡಿಗೂ ಹೆಚ್ಚನ್ನು ಹಂಚಿಬಿಟ್ಟರು. 92ರ ವಯಸ್ಸಿನಲ್ಲಿ ಸತ್ತಾಗ ಉಳಿದ ಆಸ್ತಿ, ಪುಸ್ತಕ ಪೀಠೋಪಕರಣ ಸೇರಿ, 160 ಪೌಂಡಿನ ಆಸುಪಾಸು. ಮಕ್ಕಳ ವಿಷಯದಲ್ಲೂ ಜಿಪುಣತನವಿರಲಿಲ್ಲ. ಬಡಮಕ್ಕಳಿಗೆ ಇಷ್ಟೊಂದು ಓದು ಕಲಿಸಿ ಅವರ ಅಂತಸ್ತು ಮೀರಿಸುತ್ತಿದ್ದಾರೆ ಎಂದೇ ಕೆಲವರು ದೂರಿದ್ದುಂಟು. ಆದರೆ ಅವರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಹೇಳಬೇಕು. ತಂದೆ ತಾಯಿ ಇಬ್ಬರೂ ಸತ್ತಿರಬೇಕು, ಮಗು ಮದುವೆಯಾದ ದಂಪತಿಗಳದ್ದಾಗಿರಬೇಕು. ಮದುವೆಯಿಲ್ಲದೆ ಹುಟ್ಟಿದ ಕೂಸಿಗೆ ಈ ಗುಡ್ಡದಲ್ಲಿ ಜಾಗವಿರಲಿಲ್ಲ. ಹಕ್ಕಿಗಳಿಗೆ ಮೇವು ಕೊಡುವವನು ಅಂಥ ಷರತ್ತು ಹಾಕಿದ್ದನ್ನು ಸುವಾರ್ತೆಯಲ್ಲಿ ಕಾಣೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಐರ್ಲೆಂಡಿನದು. ಗುಡ್ಡದ ಮೇಲಿನ ಮೊದಲ ಮನೆ ತೆರೆದದ್ದು 1849ರ ಜೂನಿನಲ್ಲಿ. ಕಡಲಾಚೆ ಐರ್ಲೆಂಡಿನಲ್ಲಿ 1845ರಿಂದ ಬಟಾಟೆ ಬೆಳೆ ಕೊಳೆತು ಹೊಟ್ಟೆಗಿಲ್ಲದೆ ಸತ್ತವರು ಹತ್ತು ಲಕ್ಷದ ಸುಮಾರು. ಅವರಲ್ಲಿ ಪ್ರಾರ್ಥಿಸದವರು ಎಷ್ಟು ಮಂದಿ ಇದ್ದಾರು? ಬ್ರಿಸ್ಟಲ್ಲಿನಲ್ಲಿ ರೊಟ್ಟಿ ಬಂದದ್ದು ಪ್ರಾರ್ಥನೆಯ ಫಲವೆಂದರೆ ಅಲ್ಲಿ ಬಾರದ್ದಕ್ಕೆ ಏನು ಹೇಳಬೇಕು? ಇಲ್ಲಿ ಮುಲ್ಲರ್ ಜೊತೆಗೇ ನನಗೆ ಭಿನ್ನಾಭಿಪ್ರಾಯ. ದೇವರು ಇಂದಿಗೂ ಪ್ರಾರ್ಥನೆ ಕೇಳುತ್ತಾನೆಂದು ಜನ ಕಣ್ಣಾರೆ ಕಾಣಲಿ ಎನ್ನುವುದೇ ಈ ಮನೆಗಳ ಮೊದಲ ಉದ್ದೇಶವೆಂದು ಅವರು ಬರೆದಿಟ್ಟಿದ್ದಾರೆ. ಮಕ್ಕಳ ಪಾಲನೆ ಎರಡನೆಯದು. ಪುರಾವೆಯಾಗಿ ಈ ಮನೆಗಳು ನಿಲ್ಲುವುದಿಲ್ಲ. ಬ್ರಿಸ್ಟಲ್ ಹಣವಿದ್ದ ಬಂದರು ಪಟ್ಟಣ, ಅದರ ಸುತ್ತ ಧರ್ಮಬುದ್ಧಿಯ ಮಧ್ಯಮ ವರ್ಗವಿತ್ತು, ಅಂಚೆ ಅಗ್ಗವಾಗಿತ್ತು. ಹಸಿದು ಸತ್ತವರನ್ನು ಲೆಕ್ಕಕ್ಕೆ ಹಿಡಿಯದೆ ಉಂಡವರನ್ನು ಮಾತ್ರ ಎಣಿಸಿ ದೇವರನ್ನು ಸಾಧಿಸಲಾಗದು. ಹಾಗಂತ ಮನೆಗಳು ಏನನ್ನೂ ತೋರಿಸುವುದಿಲ್ಲವೇ? ತೋರಿಸುತ್ತವೆ. ಹಣ ಬಾರದೆಯೂ ಇರಬಹುದು ಎಂಬ ಸ್ಥಿತಿಯಲ್ಲಿ ಒಬ್ಬ ಮನುಷ್ಯ ಅರುವತ್ತು ವರ್ಷ ಸುಳ್ಳು ಹೇಳದೆ, ಸಾಲ ಮಾಡದೆ, ಯಾರ ಮುಲಾಜಿಗೂ ಬೀಳದೆ ಕೆಲಸ ಮಾಡಬಹುದು ಎಂದು ತೋರಿಸುತ್ತವೆ. ಭಯದಿಂದ ಮಾಡುವ ಎಷ್ಟೋ ಕೆಟ್ಟ ಕೆಲಸಗಳನ್ನು ಅವರು ಮಾಡದೆ ಉಳಿದರು. ನಂಬಿಕೆಯ ಫಲವನ್ನು ನಾನು ಹುಡುಕುವುದು ಅಲ್ಲಿ.

ಊರಿನ ದಕ್ಷಿಣಕ್ಕೆ, ಬಾತ್ ರಸ್ತೆಯ ಆರ್ನೋಸ್ ವೇಲ್ ಸ್ಮಶಾನದಲ್ಲಿ ಮುಲ್ಲರ್ ಸಮಾಧಿಯಿದೆ. ಭಾರತೀಯ ಪ್ರವಾಸಿಗರು ಅಲ್ಲಿಗೆ ಹೋಗುವುದು ಇನ್ನೊಂದು ಸಮಾಧಿಗಾಗಿ. ಬಂಗಾಳದ ಛತ್ರಿಯ ಮಾದರಿಯಲ್ಲಿ ಕಂಬ ನಿಲ್ಲಿಸಿ ಕಟ್ಟಿದ ಮಂಟಪದ ಕೆಳಗೆ ರಾಜಾ ರಾಮಮೋಹನ ರಾಯರಿದ್ದಾರೆ. 1833ರ ಸೆಪ್ಟೆಂಬರ್ 27ರಂದು ಬ್ರಿಸ್ಟಲ್ ಪಕ್ಕದ ಸ್ಟೇಪಲ್‌ಟನ್ನಿನಲ್ಲಿ ತೀರಿಕೊಂಡ ಅವರ ದೇಹವನ್ನು 1843ರಲ್ಲಿ ಇಲ್ಲಿಗೆ ತಂದರು. ರಾಯರು 1820ರಲ್ಲೇ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆಯ್ದು, ಪವಾಡಗಳನ್ನೆಲ್ಲ ಬದಿಗಿಟ್ಟು ಪುಸ್ತಕ ಮಾಡಿದ್ದರು. ಶ್ರೀರಾಮಪುರದ ಮಿಷನರಿಗಳು ಸಿಡುಕಿ ವಾಗ್ವಾದಕ್ಕಿಳಿದರು. ಪರ್ವತ ಪ್ರಸಂಗ ಸಾಕು, ಪವಾಡದ ಆಸರೆ ಬೇಡ ಎಂದವರು ಒಂದು ಕಡೆ, ಆ ಪ್ರಸಂಗಕ್ಕೆ ಇಂದೂ ಕಾಣುವ ಪವಾಡದ ಸಾಕ್ಷಿ ಬೇಕೆಂದು ಐದು ಮನೆ ಕಟ್ಟಿದವರು ಇನ್ನೊಂದು ಕಡೆ, ಒಂದೇ ಸ್ಮಶಾನದಲ್ಲಿ. ವಾದದಲ್ಲಿ ನಾನು ರಾಯರ ಪಕ್ಷ. ಆದರೆ ರಾಯರ ಪುಸ್ತಕವೊಂದರಿಂದಲೇ ಹತ್ತು ಸಾವಿರ ಮಕ್ಕಳಿಗೆ ಊಟ ಸಿಗುತ್ತಿತ್ತು ಎಂದು ವಾದಿಸುವ ಧೈರ್ಯ ನನಗಿಲ್ಲ. ಮುಲ್ಲರ್ ಕಾಲದಲ್ಲಿ ಅವರ ಮನೆಗಳಲ್ಲಿ ಬೆಳೆದವರ ಸಂಖ್ಯೆ ಅಷ್ಟು.

ಬೇಡದಿರುವುದೊಂದೇ ನಂಬಿಕೆಯ ಮಾದರಿ ಎಂದುಕೊಳ್ಳುವವರು ನಮ್ಮ ಮಂಗಳೂರನ್ನು ನೋಡಬೇಕು. ಮುಲ್ಲರ್ ಬ್ರಿಸ್ಟಲ್ಲಿನಲ್ಲಿ ತಮ್ಮ ಸಂಸ್ಥೆ ಸ್ಥಾಪಿಸಿದ 1834ರಲ್ಲೇ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ಅವರ ಬೇರೂ ಫ್ರಾಂಕೆಯ ಹಾಲೆಯನ್ನು ರೂಪಿಸಿದ ಜರ್ಮನಿಯ ಅದೇ ಭಕ್ತಿಪಂಥದಲ್ಲಿತ್ತು. ಕ್ರೈಸ್ತರಾದವರು ಜಾತಿ, ಮನೆ, ಕಸುಬು ಕಳಕೊಂಡು ಬೀದಿಗೆ ಬಿದ್ದಾಗ, ನಾಳೆ ಏನು ಎಂಬ ಪ್ರಶ್ನೆಗೆ ಅವರು ಮಗ್ಗ ಹಾಕಿ, ಮುದ್ರಣಾಲಯ ತೆರೆದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿ ಉತ್ತರ ಕೊಟ್ಟರು. ಕರಾವಳಿಯ ಮನೆಗಳ ಮಾಡಿಗೆ ಮಂಗಳೂರು ಹಂಚು ಬಂದದ್ದು ಈ ದಾರಿಯಲ್ಲಿ. ಲಾಭ ನಷ್ಟ ನೋಡುವ ಕಾರ್ಖಾನೆ ನಡೆಸಿದವರ ನಂಬಿಕೆ ಕಡಿಮೆಯದೇ? ಹಾಗೆನ್ನುವವರು ಬಾಯ್ಲರ್ ಪ್ರಸಂಗವನ್ನು ಅರ್ಧ ಮಾತ್ರ ಓದಿದವರು. ಕೈಲಾದ ಕೆಲಸ ಕಾರ್ಖಾನೆಯಷ್ಟು ದೊಡ್ಡದಾಗಿದ್ದರೆ ಅಷ್ಟನ್ನೂ ಮಾಡಬೇಕು. ಗಾಳಿ ಆಗಲೂ ಕೈಮೀರಿದ್ದೇ: ಮೊದಲ ಮಹಾಯುದ್ಧ ಬಂದಾಗ ಶತ್ರುದೇಶದ ಆಸ್ತಿಯೆಂದು ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ಮಿಷನ್ನಿನ ಕೈಯಿಂದ ತೆಗೆದುಕೊಂಡಿತು.

ಆಶ್ಲಿ ಡೌನಿನ ಮನೆಗಳೂ ಮುಲ್ಲರ್ ಸಂಸ್ಥೆಯ ಕೈಯಲ್ಲಿ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದ ನಂತರ, 1948ರ ಮಕ್ಕಳ ಕಾಯ್ದೆಯೊಂದಿಗೆ, ನೂರಾರು ಮಕ್ಕಳನ್ನು ಒಂದೇ ಸೂರಿನಡಿ ಸಾಕುವುದು ತಪ್ಪು, ಸಣ್ಣ ಮನೆಗಳೂ ಸಾಕು ಕುಟುಂಬಗಳೂ ಬೇಕು ಎಂಬ ತಿಳಿವು ಬ್ರಿಟನ್ನಿನಲ್ಲಿ ಬಲಿಯಿತು. ಮುಲ್ಲರ್ ನಂತರದವರು ಅದನ್ನು ಒಪ್ಪಿ ಮಕ್ಕಳನ್ನು ಸಣ್ಣ ಮನೆಗಳಿಗೆ ಸಾಗಿಸಿದರು, 1958ರಲ್ಲಿ ಐದೂ ಕಟ್ಟಡಗಳನ್ನು ಊರಿನ ಶಿಕ್ಷಣ ಇಲಾಖೆಗೆ ಮಾರಿದರು. ಒಂದು ಲಕ್ಷ ಪೌಂಡಿಗೂ ಹೆಚ್ಚು ಸುರಿದು ಕಟ್ಟಿದ, ಒಂದೊಂದು ಕಲ್ಲೂ ಪ್ರಾರ್ಥನೆಗೆ ಸಿಕ್ಕ ಉತ್ತರವೆಂದು ಹೇಳಿಕೊಂಡಿದ್ದ ಮನೆಗಳು. ಉಳಿಸಿಕೊಳ್ಳಲು ಅವರು ಹಟ ಹಿಡಿಯಬಹುದಿತ್ತು, ಸ್ಮಾರಕವೆಂದು ದೇಣಿಗೆ ಎತ್ತಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮುಲ್ಲರ್ ಹೆಸರಿನ ಟ್ರಸ್ಟು ಇಂದಿಗೂ ಬ್ರಿಸ್ಟಲ್ಲಿನಲ್ಲಿ ಕೆಲಸ ಮಾಡುತ್ತಿದೆ, ಹಣ ಕೇಳದಿರುವ ನಿಯಮವನ್ನೂ ಇಟ್ಟುಕೊಂಡಿದೆ. ಕಲ್ಯಾಣ ರಾಜ್ಯ ಬಂದ ಮೇಲೆ ಆ ನಿಯಮದ ಬೆಲೆ ಮುಲ್ಲರ್ ಕಾಲದಷ್ಟಿಲ್ಲವೆಂದು ವಾದಿಸಬಹುದು, ಅನಾಥ ಮಗುವಿನ ಊಟ ಈಗ ಒಬ್ಬರ ಪ್ರಾರ್ಥನೆಯನ್ನು ನೆಚ್ಚಿ ಕೂತಿಲ್ಲವಲ್ಲ. ಕೂರಬಾರದು ಕೂಡ. ಸಂಸ್ಥೆ ನಡೆಸುವವರ ನಂಬಿಕೆಯ ಪರೀಕ್ಷೆ ಮಕ್ಕಳ ತಟ್ಟೆಯ ಮೇಲೆ ನಡೆಯದಂತೆ ಕಾನೂನು ಮಾಡಿದ್ದು ಒಳ್ಳೆಯದೇ ಆಯಿತು. ಪರೀಕ್ಷೆ ಈಗ ದೊಡ್ಡವರ ಸಂಬಳ, ಸಾಲ, ಆಸ್ತಿಗಳ ಮೇಲೆ ಮಾತ್ರ ನಡೆಯಬೇಕು, ಅಲ್ಲಿ ಅದು ಮುಲ್ಲರ್ ಕಾಲದಲ್ಲಿದ್ದಷ್ಟೇ ಕಠಿಣವಾಗಿದೆ.